ಅನ್ನನಾಳದ ದಾರಿ ಬಿಡಿಸಿದ ಮೇಣದ ಬತ್ತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಊಟವೆಂದರೆ ಜೋಳದ ರೊಟ್ಟಿ. ಅನ್ನನಾಳ ಕಿರಿದಾಗುವ ಕಾಯಿಲೆ ಇಲ್ಲಿ ತನ್ನ ಮೊದಲ ಸುಳಿವು ಕೊಡುವುದೂ ರೊಟ್ಟಿಯ ಮೂಲಕವೇ. "ರೊಟ್ಟಿ ಇಳಿಯಂಗಿಲ್ರಿ, ಎದ್ಯಾಗ ನಿಂದರತೈತಿ" ಎಂದು ರೋಗಿ ಹೇಳುತ್ತಾನೆ. ಮೊದಲು ತುತ್ತಿಗೊಂದು ಗುಟುಕು ನೀರು ಬೇಕಾಗುತ್ತದೆ. ಆಮೇಲೆ ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಬೇಕಾಗುತ್ತದೆ. ಕೆಲವು ವಾರಗಳಲ್ಲಿ ರೊಟ್ಟಿ ಬಿಟ್ಟು ನುಚ್ಚು ಮಜ್ಜಿಗೆ, ನುಚ್ಚು ಬಿಟ್ಟು ಗಂಜಿ, ಗಂಜಿ ಬಿಟ್ಟು ಬರೀ ನೀರು. ಕೊನೆಗೆ ಬಾಯಲ್ಲಿ ಊರುವ ಜೊಲ್ಲನ್ನು ಕೂಡ ನುಂಗಲಾಗದೆ ಉಗುಳುತ್ತ ಕೂರುವ ಸ್ಥಿತಿ. ಅಷ್ಟರಲ್ಲಿ ಮನೆಯವರು, ನೆರೆಯವರು ಕ್ಯಾನ್ಸರ್ ಎಂದು ತೀರ್ಮಾನ ಮಾಡಿ ಆಗಿರುತ್ತದೆ. ಆಸೆ ಬಿಟ್ಟು ಮೂಲೆಗೆ ಮಂಚ ಹಾಕುವವರೂ ಇದ್ದಾರೆ.

ಆದರೆ ಅನ್ನನಾಳ ಕಿರಿದಾದದ್ದೆಲ್ಲ ಕ್ಯಾನ್ಸರ್ ಅಲ್ಲ. ಗಾಯ ಮಾಯುವಾಗ ಕಟ್ಟಿದ ಗಟ್ಟಿ ಕಲೆ, ಹೊಟ್ಟೆಯ ಹುಳಿ ವರ್ಷಗಟ್ಟಲೆ ಮೇಲಕ್ಕೆ ಉಕ್ಕಿ ಮಾಡಿದ ಹುಣ್ಣು, ರಕ್ತಹೀನತೆಯಿಂದ ಬೆಳೆಯುವ ತೆಳು ಪೊರೆ, ಕೆಳಗಿನ ಬಾಗಿಲಿನ ಸ್ನಾಯು ಸಡಿಲಗೊಳ್ಳದ ರೋಗ, ಇವೆಲ್ಲ ಅದೇ ಲಕ್ಷಣ ತೋರಿಸುತ್ತವೆ. ಇವುಗಳಿಗೆ ಬಹುಮಟ್ಟಿಗೆ ಒಂದೇ ತತ್ವದ ಚಿಕಿತ್ಸೆ. ಕಿರಿದಾದ ಜಾಗದಲ್ಲಿ ನಯವಾದ ದಂಡವನ್ನೋ ಬಲೂನನ್ನೋ ತೂರಿಸಿ ಮೆಲ್ಲಗೆ ಹಿಗ್ಗಿಸುವುದು. ಈ ಚಿಕಿತ್ಸೆಯ ಇತಿಹಾಸ ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕೆಂದು ನಾವು ಹೇಳಲು ಕಾರಣವಿದೆ. ಈ ಕಾಯಿಲೆಯ ಒಂದು ದೊಡ್ಡ ಭಾಗ ದೇಹದೊಳಗೆ ಹುಟ್ಟಿದ್ದಲ್ಲ, ಅಂಗಡಿಯಿಂದ ಬಾಟಲಿಯಲ್ಲಿ ಮನೆಗೆ ಬಂದದ್ದು.

ಅನ್ನನಾಳ ಸುಮಾರು 25 ಸೆಂ.ಮೀ. ಉದ್ದದ ಸ್ನಾಯುವಿನ ಕೊಳವೆ. ಆರೋಗ್ಯವಂತರಲ್ಲಿ ಅದು 2 ಸೆಂ.ಮೀ.ಗೂ ಹೆಚ್ಚು ಹಿಗ್ಗಬಲ್ಲದು. ಒಳದಾರಿ 13 ಮಿ.ಮೀ.ಗಿಂತ ಕಡಿಮೆಯಾದರೆ ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗುತ್ತದೆ. ಹೀಗೆ ತುತ್ತು ಸಿಕ್ಕಿಕೊಂಡಾಗ ಏನು ಮಾಡಬೇಕು ಎಂಬ ಪ್ರಶ್ನೆ ಮನುಷ್ಯ ಮೀನು, ಮಾಂಸ ತಿನ್ನಲು ಕಲಿತಷ್ಟೇ ಹಳೆಯದು.

ಸುಶ್ರುತ ಸಂಹಿತೆಯಲ್ಲಿ ಗಂಟಲಿಗೆ ಮುಳ್ಳು, ಮೂಳೆ ಸಿಕ್ಕಿಕೊಂಡರೆ ಮಾಡಬೇಕಾದ ಉಪಾಯವಿದೆ. ಕೂದಲಿನ ಉಂಡೆಗೆ ಉದ್ದನೆಯ ದಾರ ಕಟ್ಟಿ ದ್ರವ ಆಹಾರದೊಂದಿಗೆ ನುಂಗಿಸಬೇಕು, ವಾಂತಿ ಮಾಡಿಸಬೇಕು, ಉಂಡೆಗೆ ಮುಳ್ಳು ಸಿಕ್ಕಿದಾಗ ದಾರವನ್ನು ತಟ್ಟನೆ ಎಳೆಯಬೇಕು. ಗಂಟಲಲ್ಲಿ ಅರಗು ಸಿಕ್ಕಿಕೊಂಡಿದ್ದರೆ ಒಂದು ಕೊಳವೆ ತೂರಿಸಿ, ಅದರೊಳಗಿಂದ ಕಾಯಿಸಿದ ಸಲಾಕೆಯನ್ನು ಇಳಿಸಿ, ಅರಗು ಅದಕ್ಕೆ ಅಂಟಿದ ಮೇಲೆ ಹೊರತೆಗೆಯುವ ಕ್ರಮವೂ ಇದೆ. ಕೊಳವೆಯೊಳಗಿಂದ ಇನ್ನೊಂದು ಸಲಕರಣೆ ಇಳಿಸುವ ಈ ಯೋಚನೆ ಇಂದಿನ ಎಂಡೋಸ್ಕೋಪಿಯಲ್ಲೂ ಮುಂದುವರಿದಿದೆ.

ಎಂಟನೆಯ ಶತಮಾನದ ಕೊನೆಯಲ್ಲಿ ಬಗ್ದಾದಿನ ವಜೀರ ಯಹ್ಯಾ ಇಬ್ನ್ ಖಾಲಿದ್ ಬರ್ಮಕಿ ಸುಶ್ರುತ ಸಂಹಿತೆಯನ್ನು ಅರಬಿಗೆ ತರಿಸಿದ. ಅನುವಾದಿಸಿದವನು ಮಂಕಾ ಎಂಬ ಭಾರತೀಯ ವೈದ್ಯ. ಅದು ಅಲ್ಲಿನ ಆಸ್ಪತ್ರೆಯಲ್ಲಿ ಕೈಪಿಡಿಯಾಗಿ ಬಳಕೆಯಾಯಿತೆಂದು ಇಬ್ನುನ್ನದೀಮ್ ತನ್ನ ಗ್ರಂಥಸೂಚಿಯಲ್ಲಿ ದಾಖಲಿಸಿದ್ದಾನೆ. ಇದಾದ ಸುಮಾರು 200 ವರ್ಷಗಳ ನಂತರ ಸ್ಪೇನಿನ ಕೊರ್ದೊವಾ ನಗರದ ಅಬುಲ್ ಕಾಸಿಮ್ ಅಲ್‌ಝಹ್ರಾವಿ (936-1013) ತನ್ನ 30 ಭಾಗಗಳ 'ತಸ್ರೀಫ್' ಗ್ರಂಥದ ಕೊನೆಯ, ಶಸ್ತ್ರಚಿಕಿತ್ಸೆಗೆ ಮೀಸಲಾದ ಭಾಗದಲ್ಲಿ ಇದೇ ಸಮಸ್ಯೆಯ ಬಗ್ಗೆ ಬರೆದ. ರೋಗಿಯನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, ನಾಲಿಗೆ ಒತ್ತಿ ಗಂಟಲು ನೋಡಬೇಕು. ಮುಳ್ಳು ಕಾಣದಷ್ಟು ಕೆಳಗಿದ್ದರೆ ದಾರಕ್ಕೆ ಕಟ್ಟಿದ ಸ್ಪಂಜಿನ ತುಂಡನ್ನು ನುಂಗಿಸಬೇಕು, ಅದು ನೀರು ಹೀರಿ ಉಬ್ಬಿದ ಮೇಲೆ ಎಳೆಯಬೇಕು. ಸುಶ್ರುತನ ಕೂದಲುಂಡೆಯ ಜಾಗದಲ್ಲಿ ಕಡಲಿನ ಸ್ಪಂಜು ಬಂದಿದೆ, ಉಳಿದದ್ದು ಹೆಚ್ಚುಕಡಿಮೆ ಅದೇ. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ನಾವು ವಾದಿಸುವುದಿಲ್ಲ. ಒಂದೇ ಕಷ್ಟ ಎರಡು ಕಡೆ ಒಂದೇ ಉಪಾಯ ಹೊಳೆಯಿಸುವುದು ವಿಶೇಷವೇನಲ್ಲ. ಆದರೆ ಜ್ಞಾನ ಯಾರೊಬ್ಬರ ಮನೆಯ ಆಸ್ತಿ ಎಂದು ಇಂದು ಕಿತ್ತಾಡುವವರು ಆ ಕಾಲದ ಬಗ್ದಾದನ್ನು ಒಮ್ಮೆ ನೆನೆಯಬಹುದು.

ಮುಳ್ಳಿನ ಮಾತು ಹೀಗಾಯಿತು. ಕಿರಿದಾದ ಅನ್ನನಾಳವನ್ನೇ ಒಂದು ರೋಗವೆಂದು ಗುರುತಿಸಿ ಬರೆದವರಲ್ಲಿ ಸೆವಿಲ್ಲಾದ ಇಬ್ನ್ ಝುಹ್ರ್ ಮುಖ್ಯನಾದವನು. 1162ರಲ್ಲಿ ತೀರಿಕೊಂಡ ಈತನನ್ನು ಯುರೋಪಿನವರು ಅವೆನ್‌ಝೋರ್ ಎಂದು ಕರೆದರು. ತತ್ವಜ್ಞಾನಿ ಇಬ್ನ್ ರುಶ್ದ್‌ಗೆ ಆಪ್ತನಾಗಿದ್ದವನು. ತನ್ನ 'ತೈಸೀರ್' ಗ್ರಂಥದಲ್ಲಿ ಅನ್ನನಾಳದಲ್ಲಿ ಗಡ್ಡೆ ಬೆಳೆದು ದಾರಿ ಮುಚ್ಚುವ, ಹಾಗೆಯೇ ಸ್ನಾಯು ಸೋತು ನುಂಗಲಾಗದ ರೋಗಿಗಳನ್ನು ವರ್ಣಿಸಿ, ಬದುಕಿಸಲು ಮೂರು ದಾರಿ ಹೇಳುತ್ತಾನೆ. ಬೆಳ್ಳಿ ಅಥವಾ ತವರದ ಕೊಳವೆಯನ್ನು ಗಂಟಲಲ್ಲಿ ಇಳಿಸಿ ಅದರ ಮೂಲಕ ಹಾಲು ಹೊಯ್ಯುವುದು, ರೋಗಿಯನ್ನು ಹಾಲಿನ ತೊಟ್ಟಿಯಲ್ಲಿ ಕೂರಿಸುವುದು, ಗುದದ್ವಾರದಿಂದ ಪೋಷಕ ದ್ರವ ಏರಿಸುವುದು. ಎರಡನೆಯದರಿಂದ ಯಾರಿಗೂ ಪ್ರಯೋಜನವಾಗಲಾರದು. ಮೊದಲನೆಯದು ಮಾತ್ರ ಇಂದಿಗೂ ಎಲ್ಲ ಆಸ್ಪತ್ರೆಗಳಲ್ಲೂ ಇದೆ, ಬೆಳ್ಳಿಯ ಬದಲು ಪ್ಲಾಸ್ಟಿಕ್ಕಿನದು.

ಹೊಟ್ಟೆಗೆ ಹಾಲು ಸೇರಿಸುವುದು ಒಂದು, ಮುಚ್ಚಿದ ದಾರಿಯನ್ನೇ ತೆರೆಯುವುದು ಇನ್ನೊಂದು. ಆ ಎರಡನೆಯ ಕೆಲಸಕ್ಕೆ ಬಂದದ್ದು ಮೇಣದ ಬತ್ತಿ. ಅನ್ನನಾಳ ಹಿಗ್ಗಿಸುವ ದಂಡಕ್ಕೆ ವೈದ್ಯರು ಇಂದಿಗೂ 'ಬೂಜಿ' ಎನ್ನುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಮೇಣದ ಬತ್ತಿ ಎಂದರ್ಥ. ಆ ಅರ್ಥ ಬಂದದ್ದು ಒಂದು ಊರಿನಿಂದ. ಅಲ್ಜೀರಿಯಾದ ಕರಾವಳಿಯ ಬಿಜಾಯ ಪಟ್ಟಣವನ್ನು ಯುರೋಪಿನ ವ್ಯಾಪಾರಿಗಳು ಬೂಜಿ ಎಂದು ಕರೆಯುತ್ತಿದ್ದರು. ಹಿಂದಿನ ಬೆಟ್ಟಗಳಿಂದ ಇಳಿದು ಬರುತ್ತಿದ್ದ ಜೇನುಮೇಣ ಅಲ್ಲಿಂದ ಹಡಗೇರಿ ಯುರೋಪಿಗೆ ಹೋಗುತ್ತಿತ್ತು. ಊರಿನ ಹೆಸರೇ ಸರಕಿನ ಹೆಸರಾಯಿತು, ನಮ್ಮಲ್ಲಿ ಇಳಕಲ್ ಎಂದರೆ ಸೀರೆ ಆದ ಹಾಗೆ. 11ನೇ ಶತಮಾನದಲ್ಲಿ ಹಮ್ಮಾದಿ ಅರಸರ ರಾಜಧಾನಿಯಾಗಿ ಬೆಳೆದ ಊರದು. ಅಲ್ಲಿ ಸುಂಕದ ಕೆಲಸದಲ್ಲಿದ್ದ ಇಟಲಿಯವನೊಬ್ಬನ ಮಗ ಭಾರತೀಯ ಅಂಕಿಗಳನ್ನು ಕಲಿತು 1202ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದ. ಅವನೇ ಗಣಿತಜ್ಞ ಫಿಬೊನಾಚಿ. ಇತಿಹಾಸಕಾರ ಇಬ್ನ್ ಖಲ್ದೂನ್ ಕೂಡ ಕೆಲಕಾಲ ಅಲ್ಲಿ ಆಡಳಿತ ನಡೆಸಿದ್ದ. ಮೇಣವೂ ಅಂಕಿಯೂ ಒಂದೇ ಬಂದರಿನಿಂದ ಯುರೋಪಿಗೆ ಹೋದವು ಎಂಬುದು ಕುತೂಹಲದ ಸಂಗತಿ.

ಮೇಣ ಯಾಕೆ? ಮೈಯ ಬಿಸಿಗೆ ಅದು ಸ್ವಲ್ಪ ಮೆತ್ತಗಾಗುತ್ತದೆ, ದಾರಿ ಬಾಗಿದರೆ ತಾನೂ ಬಾಗುತ್ತದೆ, ಲೋಹದಂತೆ ಚುಚ್ಚುವುದಿಲ್ಲ. ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಫ್ಯಾಬ್ರಿಷಿಯಸ್ (ಮರಣ 1619) ಗಂಟಲಲ್ಲಿ ಸಿಕ್ಕಿದ್ದನ್ನು ಮೇಣದ ಬತ್ತಿಯಿಂದ ಹೊಟ್ಟೆಗೆ ತಳ್ಳುತ್ತಿದ್ದ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದನ್ನು ಬರೆದ. ಅವನ ರೋಗಿಯೊಬ್ಬನಿಗೆ ಉಂಡದ್ದು ಹೊಟ್ಟೆಗೆ ಇಳಿಯದೆ ಅನ್ನನಾಳದ ತುದಿಯಲ್ಲೇ ತುಂಬಿ ಹೊರಬರುತ್ತಿತ್ತು. ವಿಲ್ಲಿಸ್ ತಿಮಿಂಗಿಲದ ಬಾಯಿಯಿಂದ ತೆಗೆದ ಬಾಗುವ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಕೊಟ್ಟ. ರೋಗಿ ಉಂಡಾದ ಮೇಲೆ ತಾನೇ ಆ ಕಡ್ಡಿಯನ್ನು ಗಂಟಲಲ್ಲಿ ಇಳಿಸಿ ಆಹಾರವನ್ನು ಕೆಳಗೆ ದೂಡುತ್ತಿದ್ದ. ಹೀಗೆ 15 ವರ್ಷ ಬದುಕಿದ. ಕೆಳಬಾಗಿಲಿನ ಸ್ನಾಯು ಸಡಿಲಗೊಳ್ಳದ ಈ ರೋಗವನ್ನು ಇಂದು ಅಕಲೇಷಿಯಾ ಎನ್ನುತ್ತಾರೆ.

ವಿಲ್ಲಿಸ್‌ನ ರೋಗಿಯಂಥ ಅದೃಷ್ಟ ಎಲ್ಲರದಾಗಿರಲಿಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿ ಕಣ್ಣುಮುಚ್ಚಿದ ಕಾಲಕ್ಕೆ, ಗಂಟಲು ಕಟ್ಟಿದ ರೋಗಿ ಲಂಡನ್ನಿನಲ್ಲಿದ್ದರೂ ಬೈಲಹೊಂಗಲದಲ್ಲಿದ್ದರೂ ಗತಿ ಹೆಚ್ಚು ಬೇರೆಯಾಗಿರಲಿಲ್ಲ. ಅಲ್ಲಿ ವೈದ್ಯರು ಬೂಜಿಯನ್ನು ಕಾಣದ ದಾರಿಯಲ್ಲಿ ಕೈಯಂದಾಜಿನ ಮೇಲೆ ತಳ್ಳುತ್ತಿದ್ದರು. ಕಲೆಕಟ್ಟಿದ ಜಾಗದಲ್ಲಿ ಗೋಡೆ ಹರಿದು ಬೂಜಿ ಎದೆಯೊಳಕ್ಕೆ ಹೊಕ್ಕರೆ ಎರಡು ಮೂರು ದಿನಗಳಲ್ಲಿ ನಂಜೇರಿ ಸಾವು. ಹೊಟ್ಟೆಗೆ ನೇರವಾಗಿ ತೂತು ಕೊರೆದು ಆಹಾರ ಹಾಕುವ ಶಸ್ತ್ರಚಿಕಿತ್ಸೆಯನ್ನು 1849ರಲ್ಲಿ ಫ್ರಾನ್ಸಿನಲ್ಲಿ ಸೆದಿಯೋ ಎಂಬಾತ ಮಾಡಿದ, ರೋಗಿ ಉಳಿಯಲಿಲ್ಲ. ರೋಗಿಗಳು ಉಳಿಯತೊಡಗಿದ್ದು 1870ರ ದಶಕದಲ್ಲಿ. ಆ ಕಾಲದ ಒಂದು ಉಳಿಕೆ ಇಂದಿಗೂ ಬಳಕೆಯಲ್ಲಿದೆ. ಪ್ಯಾರಿಸ್ಸಿನ ಸಲಕರಣೆ ತಯಾರಕ ಶಾರಿಯೇರ್ ಗೊತ್ತುಮಾಡಿದ ಅಳತೆ ಅದು. ಮೂರು 'ಫ್ರೆಂಚ್' ಎಂದರೆ ಒಂದು ಮಿ.ಮೀ. ವೈದ್ಯರು 45ರ ಬೂಜಿ ಎಂದರೆ 15 ಮಿ.ಮೀ. ದಪ್ಪದ್ದೆಂದು ತಿಳಿಯಬೇಕು.

ಅನ್ನನಾಳದ ಒಳಗನ್ನು ಕಣ್ಣಿನಿಂದ ನೋಡಬಹುದೆಂಬ ಧೈರ್ಯ ಬಂದದ್ದು ಕತ್ತಿ ನುಂಗುವವರಿಂದ! 1868ರಲ್ಲಿ ಜರ್ಮನಿಯ ಫ್ರೈಬುರ್ಗ್ ಊರಿನ ವೈದ್ಯ ಕುಸ್‌ಮೌಲ್ ಒಬ್ಬ ಕತ್ತಿ ನುಂಗುವ ಆಟಗಾರನ ಗಂಟಲಲ್ಲಿ ನೇರವಾದ ಲೋಹದ ಕೊಳವೆ ಇಳಿಸಿ, ಕನ್ನಡಿಯಿಂದ ಬೆಳಕು ಹಾಯಿಸಿ ಒಳಗೆ ನೋಡಿದ. ಕತ್ತಿ ನುಂಗುವ ವಿದ್ಯೆಯನ್ನು 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಜನಕ್ಕೆ ತೋರಿಸಿ ಬೆರಗುಗೊಳಿಸಿದವರಲ್ಲಿ ದಕ್ಷಿಣ ಭಾರತದಿಂದ ಹೋದ ರಾಮಸ್ವಾಮಿ ಎಂಬವನೂ ಇದ್ದ. ಅಲ್ಲಿಯವರ ಬಾಯಲ್ಲಿ ಅವನ ಹೆಸರು 'ರಾಮೋ ಸಾಮಿ' ಆಯಿತು.

ಇನ್ನು ಮುಂದಿನ ಕತೆ ವೈದ್ಯರದ್ದಷ್ಟೇ ಅಲ್ಲ, ಕಾರ್ಖಾನೆಗಳದ್ದೂ ಹೌದು. 19ನೇ ಶತಮಾನದ ಕೊನೆಗೆ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತಯಾರಿಸುವ ವಿಧಾನ ಬಂತು. ಸೋಡಾ ಅಗ್ಗವಾಯಿತು. ಅಮೆರಿಕದ ಮನೆಮನೆಗಳಲ್ಲಿ ಅದರ ಡಬ್ಬಿ ಬಂದು ಕುಳಿತಿತು. ಸೋಪು ಮಾಡಲು, ಮೋರಿ ತೊಳೆಯಲು, ಎಣ್ಣೆ ಜಿಡ್ಡು ತೆಗೆಯಲು. ಡಬ್ಬಿಯ ಮೇಲೆ ವಿಷವೆಂಬ ಮಾತಿಲ್ಲ. ನೆಲದ ಮೇಲೆ ತೆವಳುವ ಮಗು ಸಕ್ಕರೆಯೆಂದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಸೋಡಾದಂಥ ಕ್ಷಾರ ತಗುಲಿದ ಕಡೆಯ ಜೀವಕೋಶಗಳನ್ನು ಕರಗಿಸುತ್ತ ಗೋಡೆಯ ಆಳಕ್ಕೆ ಇಳಿಯುತ್ತದೆ. ಮಗು ಬದುಕಿದರೆ ಕೆಲವು ವಾರಗಳಲ್ಲಿ ಗಾಯ ಮಾಯುತ್ತದೆ, ಮಾಯುವಾಗಲೇ ಕಲೆ ಕಟ್ಟಿ ದಾರಿ ಬಿಗಿಯುತ್ತದೆ. ತಾಯಿ ಮಗು ಹುಷಾರಾಯಿತೆಂದು ನಿಟ್ಟುಸಿರುಬಿಟ್ಟ ಮೇಲೆ ಶುರುವಾಗುವ ರೋಗವಿದು.

ಈ ಮಕ್ಕಳನ್ನು ಸಾಲುಸಾಲಾಗಿ ನೋಡಿದವರು ಷೆವಾಲಿಯರ್ ಜ್ಯಾಕ್ಸನ್ (1865-1958). ಪಿಟ್ಸ್‌ಬರ್ಗ್‌ನಲ್ಲಿ, ಆಮೇಲೆ ಫಿಲಡೆಲ್ಫಿಯಾದಲ್ಲಿ ಗಂಟಲಿನ ವೈದ್ಯರಾಗಿದ್ದವರು. ಬೆಳಕು ಕಟ್ಟಿದ ಕೊಳವೆಗಳನ್ನು ತಾವೇ ರೂಪಿಸಿ, ಕಣ್ಣಿಟ್ಟು ನೋಡುತ್ತ ಅನ್ನನಾಳವನ್ನು ಹಿಗ್ಗಿಸುವುದನ್ನು ಒಂದು ಶಾಸ್ತ್ರವಾಗಿ ಕಲಿಸಿದರು. ಅವರು ಆತ್ಮಕಥೆಯಲ್ಲಿ ಒಬ್ಬ ಬಡ ಹುಡುಗಿಯ ವಿಷಯ ಹೇಳುತ್ತಾರೆ. ಸೋಡಾ ನುಂಗಿದ್ದ ಆ ಮಗುವಿನ ಗಂಟಲಲ್ಲಿ ಒಂದು ಹನಿ ನೀರೂ ಇಳಿಯುತ್ತಿರಲಿಲ್ಲ. ಜ್ಯಾಕ್ಸನ್ ಒಳಗೆ ಕಟ್ಟಿಕೊಂಡಿದ್ದ ಕೊಳೆಯನ್ನು ತೆಗೆದು ಸಣ್ಣ ಕೊಳವೆ ಹಾಯಿಸಿದರು. ನರ್ಸ್ ಒಂದು ಲೋಟ ನೀರು ಕೊಟ್ಟಳು. ಮಗು ಹೆದರುತ್ತ ಒಂದು ಗುಟುಕು ತೆಗೆದುಕೊಂಡಿತು, ಎಂದಿನಂತೆ ಹೊರಗೆ ಉಕ್ಕುತ್ತದೆಂದು ಕಾಯಿತು. ಉಕ್ಕಲಿಲ್ಲ. ಇನ್ನೊಂದು ಗುಟುಕು, ಅದೂ ಇಳಿಯಿತು. ಮಗು ಲೋಟವನ್ನು ಪಕ್ಕಕ್ಕೆ ಸರಿಸಿ ವೈದ್ಯರ ಕೈ ಹಿಡಿದು ಮುತ್ತಿಟ್ಟಿತಂತೆ.

ಕೈಗೆ ಮುತ್ತು ಪಡೆದು ಸುಮ್ಮನಿದ್ದಿದ್ದರೆ ಜ್ಯಾಕ್ಸನ್ ಒಳ್ಳೆಯ ವೈದ್ಯರಾಗಿ ಉಳಿಯುತ್ತಿದ್ದರು, ಅಷ್ಟೆ. ಅವರು ಡಬ್ಬಿಯ ಬೆನ್ನು ಹತ್ತಿದರು. ವೈದ್ಯರ ಸಂಘಗಳಲ್ಲಿ, ಶಾಸನಸಭೆಗಳಲ್ಲಿ ವರ್ಷಗಟ್ಟಲೆ ವಾದಿಸಿದರು. ಕೊನೆಗೆ 1927ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಕಾಸ್ಟಿಕ್ ವಿಷಗಳ ಕಾಯ್ದೆ ಬಂತು. ಸೋಡಾ, ಆಸಿಡ್ ಮುಂತಾದವುಗಳ ಡಬ್ಬಿಯ ಮೇಲೆ ವಿಷವೆಂದು ದೊಡ್ಡ ಅಕ್ಷರದಲ್ಲಿ ಬರೆಯಬೇಕು, ನುಂಗಿದರೆ ಏನು ಮಾಡಬೇಕೆಂದು ಅಲ್ಲೇ ತಿಳಿಸಬೇಕು ಎಂಬುದು ಅದರ ತಿರುಳು. ನಮ್ಮ ದೃಷ್ಟಿಯಲ್ಲಿ ಜ್ಯಾಕ್ಸನ್ ಮಾಡಿದ ಅತಿ ದೊಡ್ಡ ಚಿಕಿತ್ಸೆ ಅದೇ. ವೈದ್ಯಕೀಯದ ಇತಿಹಾಸ ಬರೆಯುವವರು ಅವರ ಕೊಳವೆಗಳನ್ನು ಹೊಗಳಿದಷ್ಟು ಈ ಕಾಯ್ದೆಯನ್ನು ಹೊಗಳುವುದಿಲ್ಲ.

ಸಲಕರಣೆಗಳ ಸುಧಾರಣೆಯನ್ನು ಬೇಗ ಹೇಳಿ ಮುಗಿಸಬಹುದು. ಕಾಣದ ದಾರಿಗೆ ಮಾರ್ಗದರ್ಶಿಯಾಗಿ ಮೊದಲು ಬಂದದ್ದು ನೂಲು. ರೋಗಿ ರೇಷ್ಮೆ ದಾರದ ಒಂದು ತುದಿಯನ್ನು ನುಂಗುತ್ತಾನೆ, ಅದು ಮೆಲ್ಲಗೆ ಕರುಳಿಗೆ ಇಳಿದು ಅಲ್ಲಿ ನೆಲೆ ನಿಲ್ಲುತ್ತದೆ, ಆ ದಾರದ ಮೇಲೆ ತೂತಿರುವ ಬೂಜಿಯನ್ನು ಜಾರಿಸಿದರೆ ಅದು ಅಡ್ಡದಾರಿ ಹಿಡಿಯುವುದಿಲ್ಲ. 1915ರಲ್ಲಿ ಲಂಡನ್ನಿನ ಆರ್ಥರ್ ಹರ್ಸ್ಟ್ ಪಾದರಸ ತುಂಬಿದ ರಬ್ಬರ್ ಕೊಳವೆ ಬಳಕೆಗೆ ತಂದರು. ಅದು ತಳ್ಳದೆಯೇ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. 1950ರ ದಶಕದಲ್ಲಿ ದಾರದ ಜಾಗಕ್ಕೆ ತಂತಿ, ತಂತಿಯ ಮೇಲೆ ಲೋಹದ ಗುಂಡುಗಳು ಬಂದವು. 1954ರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹಾಪ್ಕಿನ್ಸ್ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಹಾಯಿಸಬಹುದೆಂದು ತೋರಿಸಿದರು. ಮೂರೇ ವರ್ಷದಲ್ಲಿ ಅಮೆರಿಕದಲ್ಲಿ ಹಿರ್ಶೋವಿಟ್ಜ್ ಬಾಗುವ ಎಂಡೋಸ್ಕೋಪನ್ನು ಸಿದ್ಧಪಡಿಸಿದರು. ಕತ್ತಿ ನುಂಗುವವನಂತೆ ಕತ್ತು ನೆಟ್ಟಗೆ ಮಾಡಿ ಮಲಗುವ ಹಿಂಸೆ ತಪ್ಪಿತು. 1980ರ ದಶಕದಿಂದ ತಂತಿಯ ಮೇಲೆ ಜಾರುವ ಸವಾರಿ ಎಂಬ ಹೆಸರಿನ ಪ್ಲಾಸ್ಟಿಕ್ ಬೂಜಿಗಳು ಮತ್ತು ಉಬ್ಬಿಸುವ ಬಲೂನುಗಳು ಎಲ್ಲ ಕಡೆ ಬಳಕೆಯಾದವು. ಸವಾರಿ ಎಂಬುದು ಸ್ವಿಟ್ಜರ್‌ಲ್ಯಾಂಡಿನ ವೈದ್ಯರೊಬ್ಬರ ಹೆಸರು. ನಮ್ಮ ಕಿವಿಗೆ ಅದು ಅಚ್ಚುಕಟ್ಟಾಗಿ ಹೊಂದುತ್ತದೆ!

ಈಗ ನಮ್ಮ ಸೀಮೆಗೆ ಬರೋಣ. ಸ್ವಾತಂತ್ರ್ಯಪೂರ್ವದಲ್ಲಿ ಬೆಳಗಾವಿ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಹೋಗುತ್ತಿದ್ದದ್ದು ಮೀರಜ್‌ಗೆ. ವ್ಯಾನ್ಲೆಸ್ ಎಂಬ ಮಿಷನರಿ ವೈದ್ಯ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಿದ್ದರು. ರಾಮದುರ್ಗ, ಸವದತ್ತಿ ಕಡೆಯವರಿಗೆ ಗದಗ-ಬೆಟಗೇರಿಯ ಮಿಷನ್ ಆಸ್ಪತ್ರೆಯೂ ಇತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು, 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಬಂದ ಮೇಲೆ ದಾರಿ ಹತ್ತಿರವಾಯಿತು. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿ.ಮೀ. ರಾಮದುರ್ಗದವರಿಗೆ ಇನ್ನೂ ದೂರ. ಎರಡೂ ಊರುಗಳಿಗೆ ರೈಲಿಲ್ಲ, ಬಸ್ಸೇ ಗತಿ.

ಸೋಡಾ ಮತ್ತು ಆಸಿಡ್ ಮಾತ್ರ ಅಷ್ಟು ದೂರದಿಂದ ಬರಬೇಕಿಲ್ಲ. ರಾಮದುರ್ಗ, ಸುರೇಬಾನ ಕಡೆ ನೇಕಾರಿಕೆ ಹಳೆಯ ಕಸುಬು. ನೂಲಿಗೆ ಕೆಲವು ಬಗೆಯ ಗಟ್ಟಿಬಣ್ಣ ಹಾಕಬೇಕಾದರೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ಅಕ್ಕಸಾಲಿಗರ ಕೆಲಸಕ್ಕೆ ನೈಟ್ರಿಕ್ ಆಸಿಡ್, ಟ್ರ್ಯಾಕ್ಟರಿನ ಬ್ಯಾಟರಿಗೆ ಗಂಧಕದ ಆಸಿಡ್, ಪಾಯಖಾನೆ ತೊಳೆಯಲು ಉಪ್ಪಿನ ಆಸಿಡ್. ಸೋಡಾ ತಯಾರಿಸುವ ದೊಡ್ಡ ಕಾರ್ಖಾನೆ ಕಾರವಾರದ ಬಿಣಗಾದಲ್ಲೇ ಇದೆ. ಇವು ಯಾವುವೂ ಕೆಟ್ಟ ವಸ್ತುಗಳಲ್ಲ, ದುಡಿಯುವ ಮನೆಗೆ ಬೇಕಾದವು. ಕೆಟ್ಟದ್ದು ಇವನ್ನು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಸುರಿದು ಮೂಲೆಯಲ್ಲಿಡುವ ಅಭ್ಯಾಸ. ಬಾಯಾರಿದ ಮಗುವಿಗೆ ಬಾಟಲಿ ಕಂಡರೆ ಅದು ನೀರೇ. ಭಾರತದಲ್ಲಿ ಕ್ಷಾರಕ್ಕಿಂತ ಆಸಿಡ್ಡಿನ ಗಾಯಗಳು ಹೆಚ್ಚು ಕಾಣುತ್ತವೆಂದು ಉತ್ತರ ಭಾರತದ ದೊಡ್ಡ ಆಸ್ಪತ್ರೆಗಳ ವೈದ್ಯರು ಬರೆದಿದ್ದಾರೆ. ಆಸಿಡ್ ಅನ್ನನಾಳವನ್ನು ಮಾತ್ರವಲ್ಲ, ಜಠರದ ಹೊರಬಾಗಿಲನ್ನೂ ಸುಟ್ಟು ಮುಚ್ಚಿಸುತ್ತದೆ.

ಗೊತ್ತಿಲ್ಲದೆ ಕುಡಿದವರ ಜೊತೆಗೆ ನೊಂದು ಕುಡಿದವರೂ ಇದ್ದಾರೆ. ಮನೆಯ ಜಗಳ, ಸಾಲ, ಅವಮಾನದ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕುಡಿದು, ಬದುಕುಳಿದು, ಆಮೇಲೆ ವರ್ಷಗಟ್ಟಲೆ ಒಂದು ತುತ್ತಿಗಾಗಿ ಆಸ್ಪತ್ರೆ ಅಲೆಯುವವರು. ಅವರ ಮುಂದೆ ಉಪದೇಶದ ಮಾತು ಆಡುವುದು ಕ್ರೂರತನ. ಊರವರು ಅದನ್ನು ಆಡುವುದರಿಂದಲೇ ಎಷ್ಟೋ ಜನ ನಿಜ ಹೇಳದೆ, ಚಿಕಿತ್ಸೆಗೆ ತಡವಾಗಿ ಬರುತ್ತಾರೆ.

ಕಾಯ್ದೆ ನಮ್ಮಲ್ಲೂ ಇತ್ತು. 1919ರ ವಿಷ ಪದಾರ್ಥಗಳ ಕಾಯ್ದೆ ಅಮೆರಿಕದ ಕಾಯ್ದೆಗಿಂತಲೂ ಎಂಟು ವರ್ಷ ಹಿಂದಿನದು. ಆದರೂ ಆಸಿಡ್ ಕಿರಾಣಿ ಅಂಗಡಿಯಲ್ಲಿ ಸಿಗುತ್ತಿತ್ತು. ಮುಖಕ್ಕೆ ಆಸಿಡ್ ಎರಚಿಸಿಕೊಂಡ ದಿಲ್ಲಿಯ ಲಕ್ಷ್ಮಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 18 ಜುಲೈ 2013ರಂದು ಕೋರ್ಟು ಆಜ್ಞೆ ಮಾಡಿತು. ಕೊಳ್ಳುವವರ ಹೆಸರು, ವಿಳಾಸ, ಗುರುತಿನ ಚೀಟಿ, ಕಾರಣ ದಾಖಲಿಸದೆ ಆಸಿಡ್ ಮಾರಬಾರದು, 18 ವರ್ಷದ ಒಳಗಿನವರಿಗೆ ಕೊಡಲೇಬಾರದು. ಎರಚುವ ಕೈಯನ್ನು ತಡೆಯಲು ಬಂದ ಈ ಆಜ್ಞೆ ಕುಡಿಯುವ ಬಾಯಿಯನ್ನೂ ಕಾಯಬಲ್ಲದು, ಅಂಗಡಿಯವನು ವಹಿ ಬರೆದರೆ.

ಈ ಚರಿತ್ರೆಯಲ್ಲಿ ಹೆಂಗಸರದ್ದೇ ಆದ ಒಂದು ಪುಟವಿದೆ. 1919ರಲ್ಲಿ ಬ್ರಿಟನ್ನಿನ ಪ್ಯಾಟರ್ಸನ್ ಮತ್ತು ಬ್ರೌನ್ ಕೆಲ್ಲಿ ಬೇರೆಬೇರೆಯಾಗಿ ಒಂದು ರೋಗವನ್ನು ವಿವರಿಸಿದರು. ನಡುವಯಸ್ಸಿನ ಹೆಂಗಸರು, ಬಿಳಿಚಿದ ಮುಖ, ನಯವಾದ ನಾಲಿಗೆ, ಗಂಟಲ ಮೇಲ್ಭಾಗದಲ್ಲೇ ತುತ್ತು ನಿಲ್ಲುವುದು. 1922ರಲ್ಲಿ ಅಮೆರಿಕದ ವಿನ್ಸನ್ ಇಂಥದೇ ರೋಗಿಗಳ ಬಗ್ಗೆ ಬರೆದಾಗ ಲೇಖನಕ್ಕೆ ಕೊಟ್ಟ ಹೆಸರು ಉನ್ಮಾದದ ನುಂಗುತೊಂದರೆ ಎಂದು. ಹೆಂಗಸಿನ ಮನಸ್ಸಿನ ಕಾಯಿಲೆ ಎಂಬರ್ಥ. ನಿಜದಲ್ಲಿ ಅದು ಕಬ್ಬಿಣಾಂಶದ ಕೊರತೆ. ಕೊರತೆ ಹೆಚ್ಚಾದಾಗ ಗಂಟಲಿನ ಕೆಳಗೆ ತೆಳುವಾದ ಪೊರೆ ಅಡ್ಡ ಬೆಳೆಯುತ್ತದೆ. ಒಂದೆರಡು ಸಲ ಬೂಜಿ ಹಾಯಿಸಿದರೆ ಪೊರೆ ಹರಿಯುತ್ತದೆ, ಕಬ್ಬಿಣದ ಗುಳಿಗೆ ರಕ್ತ ತುಂಬುತ್ತದೆ. ಬಿಟ್ಟರೆ ಮುಂದೆ ಅಲ್ಲೇ ಕ್ಯಾನ್ಸರ್ ಬರುವ ಸಂಭವ ಇತರರಿಗಿಂತ ಹೆಚ್ಚು. ಯುರೋಪಿನಲ್ಲಿ ಈ ರೋಗ ಈಗ ಅಪರೂಪ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆಯೆಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸು "ತುತ್ತು ಇಳಿವಲ್ದು" ಎಂದಾಗ ಅತ್ತೆ, ಗಂಡ, ಕೆಲವೊಮ್ಮೆ ಡಾಕ್ಟರೂ ಅದನ್ನು ವಿನ್ಸನ್‌ನಂತೆಯೇ ಕೇಳಿಸಿಕೊಳ್ಳುತ್ತಾರೆ.

ಇಂದು ಚಿಕಿತ್ಸೆ ಹೇಗೆ ನಡೆಯುತ್ತದೆಂದು ಹೇಳಬೇಕು, ಯಾಕೆಂದರೆ ಅರ್ಧ ಭಯ ಗೊತ್ತಿಲ್ಲದ್ದರಿಂದ ಬರುವಂಥದು. ಆಸಿಡ್ ಅಥವಾ ಸೋಡಾ ನುಂಗಿದವರನ್ನು ವಾಂತಿ ಮಾಡಿಸಬಾರದು. ಇಳಿಯುವಾಗ ಸುಟ್ಟದ್ದು ಏರುವಾಗ ಮತ್ತೆ ಸುಡುತ್ತದೆ. ಸೋಡಾಕ್ಕೆ ನಿಂಬೆರಸ, ಆಸಿಡ್ಡಿಗೆ ಸೋಡಾಪುಡಿ ಎಂಬ ಹಳೆಯ ಮದ್ದನ್ನೂ ಕೊಡಬಾರದು. ಬಾಟಲಿಯನ್ನು ಜೊತೆಗೇ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಬೇಕು. ಹಿಗ್ಗಿಸುವ ಕೆಲಸ ಶುರುವಾಗುವುದು ಗಾಯ ಮಾಯ್ದ ಮೇಲೆ, ಸಾಮಾನ್ಯವಾಗಿ ಮೂರರಿಂದ ಆರು ವಾರಗಳ ನಂತರ. ಮೊದಲು ಎಂಡೋಸ್ಕೋಪಿಯಲ್ಲಿ ನೋಡಿ, ಅನುಮಾನವಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಿ ಕ್ಯಾನ್ಸರ್ ಅಲ್ಲವೆಂದು ಖಚಿತ ಮಾಡಿಕೊಳ್ಳುತ್ತಾರೆ. ಮಂಪರಿನ ಔಷಧ ಕೊಟ್ಟು, ತಂತಿ ಇಳಿಸಿ, ತೆಳು ಬೂಜಿಯಿಂದ ದಪ್ಪದ ಕಡೆಗೆ ಒಂದೊಂದೇ ಹಾಯಿಸುತ್ತಾರೆ. ಬಿಗಿ ತಗುಲಿದ ಮೇಲೆ ಒಂದು ದಿನಕ್ಕೆ ಮೂರು ಅಳತೆಗಿಂತ ಹೆಚ್ಚು ಹೋಗಬಾರದೆಂಬುದು ವೈದ್ಯರು ಪಾಲಿಸುವ ಹಳೆಯ ನಿಯಮ. ಅವಸರ ಮಾಡಿದರೆ ಗೋಡೆ ಹರಿಯುವ ಅಪಾಯ. ಚಿಕಿತ್ಸೆಯಾದ ಮೇಲೆ ಎದೆನೋವು, ಜ್ವರ, ಉಸಿರು ಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಹುಳಿಯಿಂದಾದ ಕಿರಿದುತನಕ್ಕೆ ಜೊತೆಗೆ ಒಮೆಪ್ರಜೋಲ್‌ನಂಥ ಗುಳಿಗೆ ಬೇಕು. ಈ ಗುಳಿಗೆಗಳು ಬಂದ ಮೇಲೆ ಅಂಥ ರೋಗಿಗಳು ಮತ್ತೆಮತ್ತೆ ಬರುವುದು ಬಹಳ ಕಡಿಮೆಯಾಗಿದೆ.

ಆಸಿಡ್, ಸೋಡಾದ ಕಲೆ ಮಾತ್ರ ಹಟಮಾರಿ. ಹಿಗ್ಗಿಸಿದರೆ ಮತ್ತೆ ಬಿಗಿಯುತ್ತದೆ. ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಹೀಗೆ ಹತ್ತಾರು ಸಲ ಬರಬೇಕಾಗುತ್ತದೆ. ಕಲೆಯೊಳಗೆ ಸ್ಟಿರಾಯ್ಡ್ ಚುಚ್ಚುವುದುಂಟು, ಯಾವುದಕ್ಕೂ ಬಗ್ಗದಿದ್ದರೆ ದೊಡ್ಡ ಕರುಳಿನ ತುಂಡಿನಿಂದ ಹೊಸ ಅನ್ನನಾಳ ಕಟ್ಟುವ ಶಸ್ತ್ರಚಿಕಿತ್ಸೆಯುಂಟು. ಆದರೆ ಬಹಳ ಜನಕ್ಕೆ ಬೇಕಾದದ್ದು ತಪ್ಪದೆ ಬರುವುದು, ಕಷ್ಟವಾಗುವುದೂ ಅದೇ. ಸವದತ್ತಿಯ ಆಚೆಯ ಹಳ್ಳಿಯ ಕೂಲಿಯವನಿಗೆ ಒಂದು ಭೇಟಿ ಎಂದರೆ ತನ್ನ ಒಂದು ದಿನದ ಕೂಲಿ, ಜೊತೆಗೆ ಬಂದವನ ಕೂಲಿ, ಎರಡು ಬಸ್ಸಿನ ಚಾರ್ಜು. ಸುಗ್ಗಿ ಬಂದರೆ, ಎಲ್ಲಮ್ಮನ ಜಾತ್ರೆ ಬಂದರೆ, ಮಗಳ ಮದುವೆ ಬಂದರೆ ಒಂದು ಸರದಿ ತಪ್ಪುತ್ತದೆ. ನಾಲ್ಕನೆಯ ಸಲಕ್ಕೆ ಗಂಜಿ ಇಳಿಯತೊಡಗಿದರೆ ಸಾಕೆಂದು ಬಿಡುವವರೂ ಇದ್ದಾರೆ. ಮೂರು ತಿಂಗಳ ಮೇಲೆ ಮತ್ತೆ ಬರುವಾಗ ದಾರಿ ಮೊದಲಿಗಿಂತ ಸಣ್ಣದಾಗಿರುತ್ತದೆ, ತೆಳು ಬೂಜಿಯಿಂದ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಇದಕ್ಕೆ ಕೆಲವು ಕಡೆ ಕಂಡುಕೊಂಡ ಪರಿಹಾರ ಕುತೂಹಲದ್ದು. ಪದೇಪದೇ ಬಿಗಿಯುವ ರೋಗಿಗಳಿಗೆ ಬೂಜಿಯನ್ನು ತಾವೇ ಹಾಕಿಕೊಳ್ಳಲು ವೈದ್ಯರು ಕಲಿಸುತ್ತಾರೆ. ಭಾರತದ ಶಸ್ತ್ರಚಿಕಿತ್ಸಕರೂ ಇದನ್ನು ಮಾಡಿಸಿದ್ದಾರೆ. ಎಲ್ಲರಿಗೂ ಸಲ್ಲುವ ದಾರಿಯಲ್ಲ. ಮೊದಲು ಆಸ್ಪತ್ರೆಯಲ್ಲೇ ದಾರಿಯನ್ನು ಸಾಕಷ್ಟು ಅಗಲ ಮಾಡಿರಬೇಕು, ವೈದ್ಯರ ಕಣ್ಣೆದುರು ಹಲವು ಸಲ ಮಾಡಿ ಕೈ ಪಳಗಿರಬೇಕು, ಅಳತೆ ಅವರೇ ಗೊತ್ತು ಮಾಡಬೇಕು. ಕಲಿತವರು ಬೂಜಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಊರಿನ ಬಸ್ಸು ಹತ್ತುತ್ತಾರೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಅದನ್ನು ತೊಳೆದು, ನೆಟ್ಟಗೆ ಕುಳಿತು, ಗಂಟಲಿಗೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು ತೆಗೆಯುತ್ತಾರೆ. 1674ರಲ್ಲಿ ವಿಲ್ಲಿಸ್‌ನ ರೋಗಿ ಉಂಡ ಮೇಲೆ ಮಾಡುತ್ತಿದ್ದುದನ್ನು ಇವರು ಉಣ್ಣುವ ಮೊದಲು ಮಾಡುತ್ತಾರೆ. ಆಮೇಲೆ ತಟ್ಟೆಗೆ ರೊಟ್ಟಿ ಹಾಕಿಸಿಕೊಳ್ಳುತ್ತಾರೆ, ಮೊದಮೊದಲು ಹಾಲಿನಲ್ಲಿ ನೆನೆಸಿ.